ಲೀಕ್ ಪಂದ್ಯದ ಮಾರನೇ ದಿನ

ಅಲ್ಲಿ ಬೇಡ ವಿಲ್ಫ್, ಅಲ್ಲಿಡಬೇಡ! ಮೇಜಿನ ಮೇಲೆ ಜಾಗ ಎಲ್ಲಿದೆ? ಆ ಕೇಕನ್ನ ಪಕ್ಕಕ್ಕೆ ಸರಿಸು... ಅದಲ್ಲ, ಅದು ಪಾದ್ರಿ ಹೆಂಡತಿ ತಂದಿದ್ದು, ಮುಟ್ಟಿದ್ರೆ ಪುಡಿಯಾಗುತ್ತೆ. ಹಾಂ, ಅದು. ಈಗ ಇಡು. ಸೂಪಿನ ಕ್ಯಾನು ಬಿಸಿ ಇದೆ, ಅಡಿಗೆ ಬಟ್ಟೆ ಹಾಕು... ನೋಡಿದ್ಯಾ ನನ್ನ ಅಡುಗೆಮನೆ ಅವತಾರ? ಮಂಗಳವಾರದಿಂದ ಹೀಗೇ. ಕೇಕು, ಪೈ, ಜಾಮು, ಹೂವು. ಹೊಸಬರು ಯಾರಾದ್ರೂ ಬಂದ್ರೆ ನಾನೇ ಸತ್ತೆ ಅಂದ್ಕೋಬೇಕು! ಮ್ಯಾಟಿ ಸತ್ತಾಗ ಒಂದೇ ಒಂದು ಹಣ್ಣಿನ ಕೇಕು ಬಂದಿತ್ತು. ಗಂಡ ಹೋದ್ರೆ ಒಂದು ಕೇಕು, ಹಿತ್ತಿಲ ಲೀಕ್ ಗಿಡ ಹೋದ್ರೆ ಮೇಜು ತುಂಬಾ! ಯಾಕೆ ನಗ್ತೀಯ? ನಗು, ನಗು. ನಗೋ ಹಾಗೇ ಇದೆ.

ಕೂತ್ಕೋ. ಮ್ಯಾಟಿ ಕುರ್ಚೀಲೇ ಕೂತ್ಕೋ, ಅವನೇನೂ ಬಂದು ಎಬ್ಬಿಸೋದಿಲ್ಲ. ಹಾಗಲ್ಲ ಕಣಯ್ಯ, ಈ ಕಡೆ ತಿರುಗಿಸಿ ಹಾಕ್ಕೋ, ಕಿಟಕಿಗೆ ಬೆನ್ನು ಮಾಡಿ. ಹಿತ್ತಿಲಲ್ಲಿ ಇನ್ನೇನಿದೆ ನೋಡೋಕೆ? ಇಡೀ ಥಾರ್ನ್‌ಲಾ ಊರೇ ಬಂದು ನೋಡ್ಕೊಂಡು ಹೋಯ್ತು. ಬ್ಯಾಂಡಿನವರು ಬಂದ್ರು. ಹೆಣಿಗೆ ಸಂಘದೋರು ಬಂದ್ರು. ಬೌಲ್ಸ್ ಆಡೋ ಮುದುಕರು ಸಾಲಾಗಿ ಬಂದು ಪಾತಿ ಮುಂದೆ ಟೋಪಿ ತೆಗೆದು ನಿಂತ್ರು... ಟೋಪಿ ತೆಗೆದು! ಹೆಣ ನೋಡೋಕೆ ಬಂದೋರ ಹಾಗೆ. ನನಗೆ ನಗು ಬರ್ಬೇಕಿತ್ತು, ಅಳು ಬಂತು.

ಸೂಪು ಯಾರ ಲೀಕಿಂದು? ನಿಂದಾ? ನಿಂದೂ, ಲೆನ್‌ದೂ, ಎಲ್ಲರದ್ದೂ... ನಿನ್ನೆ ಪಂದ್ಯದ ಬೆಂಚಿನ ಮೇಲೆ ರಾಜರ ಹಾಗೆ ಕೂತಿದ್ದೋರು ಇವತ್ತು ಹಂಡೆಯೊಳಗೆ! ಪಂದ್ಯ ಮುಗಿದ ಮಾರನೇ ದಿನ ಗೆದ್ದೋನೂ ಸೋತೋನೂ ಒಟ್ಟಿಗೆ ಕುದೀತಾರೆ. ನಮ್ಮ ಲೀಕ್ ಕ್ಲಬ್ಬಲ್ಲಿ ಸಮಾನತೆ ಅಂತ ಏನಾದ್ರೂ ಇದ್ರೆ ಅದು ಆ ಹಂಡೇಲಿ ಮಾತ್ರ ಕಣೋ. ಇದನ್ನ ನಾನು ಹಿಂದೇನೂ ಹೇಳಿದ್ದೆ, ಯಾರಿಗೂ ಇಷ್ಟ ಆಗಿರಲಿಲ್ಲ.

ಪೇಪರ್ ನೋಡಿದ್ಯಾ? ನೋಡು ಮಾರಾಯ, ಅಲ್ಲೇ ಇದೆ, ಬ್ರೆಡ್ ಡಬ್ಬಿ ಮೇಲೆ. ಮೊದಲನೇ ಪುಟ! ಆ ಹುಡುಗಿ ಬಂದಿದ್ದಳಲ್ಲ, ಕ್ಯಾಮೆರಾ ತಗೊಂಡು, ಬಿಳೀ ಬೂಟು ಹಾಕ್ಕೊಂಡು. ಪಾತಿ ನೋಡಿ ಏನು ಕೇಳಿದಳು ಗೊತ್ತಾ? 'ಮಿಸೆಸ್ ರೇನ್, ಇದು ಈರುಳ್ಳೀನಾ?' ಅಂತ! ಈರುಳ್ಳಿಯ ದೊಡ್ಡಪ್ಪನ ಮಗ ಅಂದೆ. ಒಂದೊಂದೂ ನನ್ನ ಮೊಣಕಾಲಿನಷ್ಟು ದಪ್ಪ ಇತ್ತು ತಾಯಿ, ಬೆಣ್ಣೆ ಹಾಗೆ ಬೆಳ್ಳಗಿತ್ತು ಅಂದೆ. ಪಾಪ, ಬರ್ಕೊಂಡಳು. 'ಇದನ್ನ ಯಾಕೆ ಬೆಳೀತೀರಿ?' ಅಂದಳು. ಗಂಡಸರು ಕಲ್ಲಿದ್ದಲ ಗಣಿಯೊಳಗೆ ಕತ್ತಲಲ್ಲಿ ಬಗ್ಗಿ ಬಗ್ಗಿ ಬದುಕಿದ್ರಮ್ಮ, ಮೇಲೆ ಬಂದಾಗ ಬೆಳ್ಳಗೆ ನೆಟ್ಟಗೆ ನಿಂತಿರೋದು ಏನಾದ್ರೂ ನೋಡ್ಬೇಕು ಅನ್ನಿಸ್ತು ಅಂದೆ. ಅದನ್ನ ಬರೀಲಿಲ್ಲ ಅವಳು. ಅದೊಂದೇ ಒಳ್ಳೇ ಮಾತು ಅಂದಿದ್ದು ನಾನು, ಅದನ್ನೇ ಬಿಟ್ಟಳು!

ಆದ್ರೆ ಹೆಸರು ಹಾಕಿದಾಳೆ, ನೋಡು. ಥೆಲ್ಮಾ ರೇನ್. ಪೂರ್ತಿ ಹೆಸರು, ದಪ್ಪ ಅಕ್ಷರದಲ್ಲಿ. ನಗಬೇಡ! ನಿಂಗೇನು ಗೊತ್ತು? ಲೈಬ್ರರಿ ಮುಚ್ತೀವಿ ಅಂದಾಗ ಅದರ ಮೆಟ್ಟಿಲ ಮೇಲೆ ಹಿಮದಲ್ಲಿ ಕೂತೋಳು ನಾನು. ಪೇಪರಲ್ಲಿ ಏನು ಬಂತು? 'ಸ್ಥಳೀಯ ನಿವಾಸಿಯೊಬ್ಬರು ಆಕ್ಷೇಪಿಸಿದರು.' ಭಾನುವಾರದ ಬಸ್ಸು ನಿಲ್ಲಿಸಿದಾಗ ಕೌನ್ಸಿಲ್ ಬಾಗಿಲಿಗೆ ಚಳಿಗಾಲ ಪೂರ್ತಿ ಅಲೆದೋಳು ನಾನು. 'ನಿವಾಸಿಯೊಬ್ಬರ ಮನವಿ.' ಹಿಂದಿನ ಪುಟದ ಮೂಲೇಲಿ, ಇಸ್ಪೀಟಾಟದ ಫಲಿತಾಂಶಕ್ಕೂ ಲ್ಯಾಂಪಿನ ಮುಸುಕು ಹೊಲಿಯೋ ತರಗತಿಗೂ ನಡುವೆ! ಇಸ್ಪೀಟಲ್ಲಿ ಮೂರನೇ ಬಂದೋಳ ಹೆಸರಿದೆ, ನನ್ನ ಹೆಸರಿಲ್ಲ. ಹೊಡೆದಾಡಿದೋಳು 'ನಿವಾಸಿ', ಏಟು ತಿಂದೋಳಿಗೆ ಫೋಟೋ. ಇದೇ ವಿಲ್ಫ್, ಈ ದೇಶಾನೇ ಇಷ್ಟು. ನಮ್ಮನ್ನ ಅಳಿಸಿ ಆಮೇಲೆ ಕರ್ಚೀಫು ಕೊಡೋದ್ರಲ್ಲಿ ಇವರನ್ನ ಮೀರಿಸೋರಿಲ್ಲ.

ಸರಿ, ಸರಿ. ಭಾಷಣ ನಿಲ್ಲಿಸ್ತೀನಿ. ಟೀ ಹಾಕ್ಲಾ? ಬೇಡ್ವಾ?... ಮತ್ತೆ ಯಾಕೆ ಹಾಗೆ ಟೋಪಿ ತಿರುಗಿಸ್ತಾ ಕೂತಿದೀಯ? ಏನೋ ಕೇಳೋಕೆ ಬಂದಿದೀಯ. ಸೂಪು ನೆಪ. ಕೇಳು.

...ಓ. ಅದಾ.

ಇವತ್ತು ಸಂಜೆ ಕಮಿಟಿ ಕೂರುತ್ತೆ ಅಂತ ನಂಗೂ ಗೊತ್ತು. ಸೆಕ್ರೆಟರಿ ಅಂತ ನಿನ್ನನ್ನೇ ಕಳಿಸಿದ್ರಾ? ಲೀಕ್ ಕಡಿದೋನ ಹೆಸರು ಬೇಕು ನಿಮಗೆ. ನಾನು ಹೆಸರು ಹೇಳಿಲ್ಲ. ನೋಡು, ನಾನು ಯಾರ ಹೆಸರೂ ಹೇಳಿಲ್ಲ! ಬೆಳಗಾಗೋ ಮುಂಚೆ ಹಿತ್ತಿಲಲ್ಲಿ ಕೆಮ್ಮು ಕೇಳಿಸ್ತು ಅಂದೆ. ಕೆಮ್ಮು ಅಂದೆ, ಲೆನ್ ಪ್ರೌಡ್ ಅಂತ ನಾನಂದ್ನಾ? ಕೇಳಿದೋರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು, ಅವರೇ ಅಂದ್ರು. ಅದಕ್ಕೆ ನಾನೇನು ಮಾಡ್ಲಿ? ಹೋದ ಭಾನುವಾರ ಕ್ಲಬ್ಬಲ್ಲಿ ಎಲ್ಲರೆದುರು ಅವನೇ ತಾನೇ ಅಂದಿದ್ದು, 'ಹೆಂಗಸು ಬೆಳೆದ ಲೀಕು ಸೂಪಿಗೆ ಸರಿ, ಬೆಂಚಿಗಲ್ಲ' ಅಂತ? ಎಲ್ಲಾ ನಕ್ರು. ನೀನೂ ನಕ್ಕೆ. ನಕ್ಕೆ, ನಾನು ನೋಡ್ದೆ.

ಏನು? ಲೆನ್ ಬೈಬಲ್ ಮುಟ್ಟಿ ಆಣೆ ಇಟ್ನಾ?... ಇಡ್ಲಿ ಬಿಡು. ಅತ್ತನಾ? ಸುಳ್ಳು. ಲೆನ್ ಅಳೋನಲ್ಲ. ಅವನ ಹೆಂಡತಿ ಮಣ್ಣಲ್ಲೂ ಅಳಲಿಲ್ಲ.

ನಿಜವಾಗ್ಲೂ ಅತ್ತನಾ?

ಕ್ಲಬ್ಬಿಂದ ಹೆಸರು ಹೊಡೆದು ಹಾಕಿದ್ರೆ ಬದುಕಿರೋವರೆಗೂ ಒಳಗೆ ಬಿಡಲ್ಲ ಅಂತ ಗೊತ್ತು ಕಣೋ, ನಿಯಮ ನಂಗೆ ಹೇಳ್ಕೊಡ್ತೀಯಾ? ಬೇರೆಯವರ ಲೀಕಿಗೆ ಕತ್ತಿ ಹಾಕಿದೋನಿಗೆ ಕ್ಷಮೆ ಇಲ್ಲ. ಕಳ್ಳನಿಗೆ ಇದೆ, ಕುಡುಕನಿಗೆ ಇದೆ, ಮುಷ್ಕರದ ಸಮಯದಲ್ಲಿ ಬೆನ್ನಿಗೆ ಚೂರಿ ಹಾಕಿದೋನಿಗೂ ಈಗ ಬಿಯರ್ ಕೊಡ್ತಾರೆ, ಲೀಕ್ ಕಡಿದೋನಿಗೆ ಇಲ್ಲ. 'ಕ್ಲಬ್ ಬಿಟ್ರೆ ಲೆನ್‌ಗೆ ಇನ್ನೇನಿದೆ ಥೆಲ್ಮಾ' ಅಂತೀಯಾ? ಓಹೋ! ನಂಗೇನಿತ್ತು? ಅದನ್ನ ಯಾರಾದ್ರೂ ಕೇಳಿದ್ರಾ? ನಂಗೇನಿತ್ತು ವಿಲ್ಫ್?

ಕ್ಲಬ್ಬಿನ ಬಾರಲ್ಲಿ ನೆಲದ ಮೇಲೆ ಬಿಳೀ ಗೆರೆ ಇತ್ತು, ನೆನಪಿದ್ಯಾ? ಹೆಂಗಸರು ಅದನ್ನ ದಾಟೋ ಹಾಗಿಲ್ಲ. ಗಂಡಸರ ಮುಷ್ಕರಕ್ಕೆ ನಾವು ಅಡುಗೆ ಮಾಡಿ ಹಾಕಿದ್ವಿ, ಹಂಡೆ ಹಂಡೆ. ಮುಷ್ಕರ ಮುಗೀತು, ಗಣಿ ಮುಚ್ಚಿತು, ಗೆರೆ ಮಾತ್ರ ಅಲ್ಲೇ! ತಟ್ಟೆ ಹಿಡ್ಕೊಂಡು ನಾನೇ ದಾಟಿದ್ದು. ಮ್ಯಾಟಿನ ಆರು ತಿಂಗಳು ಹೊರಗೆ ಹಾಕಿದ್ರಿ, ಹೆಂಡತಿನ ಹದ್ದುಬಸ್ತಲ್ಲಿ ಇಟ್ಟಿಲ್ಲ ಅಂತ. ಅವನು ಮನೆಗೆ ಬಂದು ಏನಂದ ಗೊತ್ತಾ? 'ಇನ್ನೂ ಎರಡು ಹೆಜ್ಜೆ ಹೋಗಿದ್ರೆ ನಂಗೊಂದು ಬಿಯರ್ ತರಬಹುದಿತ್ತಲ್ಲೇ' ಅಂದ. ಅಷ್ಟೇ. ಒಂದು ಬೈಗುಳ ಇಲ್ಲ.

ಈಗ ಗೆರೆ ಇಲ್ಲ. ಆ ಜಾಗದಲ್ಲೇ ಹೆಣಿಗೆ ಸಂಘದೋರು ಬುಧವಾರ ಕುರ್ಚಿ ಹಾಕ್ಕೊಂಡು ಕೂರ್ತಾರೆ. ಒಂದಿನ ನಾನೂ ಹೋದೆ. 'ಅಯ್ಯೋ ಥೆಲ್ಮಾ, ಕುರ್ಚಿ ಎಲ್ಲಾ ತುಂಬಿದ್ಯಲ್ಲ' ಅಂದ್ರು. ಮೂಲೇಲಿ ಪೇರಿಸಿಟ್ಟಿದ್ರು ಕುರ್ಚಿ! ಯಾಕೆ ಅಂತ ಗೊತ್ತು. ಥೆಲ್ಮಾ ಬಂದ್ರೆ ಸಹಿ ಕೇಳ್ತಾಳೆ, ಥೆಲ್ಮಾ ಬಂದ್ರೆ ಕೌನ್ಸಿಲ್ ಅಂತಾಳೆ, ಥೆಲ್ಮಾ ಬಂದ್ರೆ ಉಣ್ಣೆ ಗಂಟಾಗುತ್ತೆ. ನಾನು ಗೆದ್ದಿದ್ದೆಲ್ಲಾ ಅವರಿಗೆ ಬೇಕು. ನಾನು ಬೇಡ. ಭಾನುವಾರದ ಬಸ್ಸು ವಾಪಸ್ ತಂದೆ, ಅದರಲ್ಲಿ ಎಲ್ಲಾ ಹತ್ತುತ್ತಾರೆ. ನನ್ನ ಪಕ್ಕದ ಸೀಟು ಖಾಲಿ. ನಿಂತ್ಕೊಂಡು ಹೋಗ್ತಾರೆ ಕಣೋ, ಕಂಬಿ ಹಿಡ್ಕೊಂಡು, ಮಂಡಿ ನೋವಿರೋ ಮುದುಕೀರೂನೂ! ನಾನು ಕಿಟಕಿ ಕಡೆ ಮುಖ ಮಾಡಿ, ಊರು ನೋಡೋಳ ಹಾಗೆ... ಯಾವ ಊರು? ಎಪ್ಪತ್ತು ವರ್ಷದಿಂದ ನೋಡ್ತಿರೋ ಊರು.

ತಗೋ, ಪೈ ತಿನ್ನು. ತಿನ್ನಲ್ವಾ?... ಏನು ಅಲ್ಲಿ? ತಿರುಗಬೇಡ ಅಂದ್ನಲ್ಲ. ಹೊರಗೇನಿದೆ?

ಅದಾ? ಅದು ಬಕೆಟ್ಟು. ಕರೀ ಬಕೆಟ್ಟು. ದಾರಿ ಪಕ್ಕ ಮಗುಚಿ ಹಾಕಿದೀನಿ, ಅಷ್ಟೇ. ಬಸವನಹುಳಕ್ಕೆ. ರಾತ್ರಿ ಅದರಡಿ ಬಂದು ಸೇರ್ಕೊಳ್ಳುತ್ವೆ, ಬೆಳಿಗ್ಗೆ ಹಿಡಿಯೋಕೆ ಸುಲಭ... ಏನಂದೆ? ಹುಳ ತಿನ್ನೋಕೆ ಇನ್ನೇನು ಉಳಿದಿದೆ ಅಂತೀಯಾ? ಹಳೇ ಅಭ್ಯಾಸ! ಗಂಡ ಸತ್ತ ಮೇಲೂ ಎರಡು ಕಪ್ಪು ಟೀ ಹಾಕ್ತಾ ಇರ್ಲಿಲ್ವಾ ನಾನು? ಹಾಗೇ ಇದೂ.

ನಿನ್ನೆ ಬೆಂಚಿನ ಬಗ್ಗೆ ಹೇಳ್ಲಾ? ನೀನು ಅಲ್ಲೇ ಇದ್ದೆ, ಸರಿ, ಆದ್ರೂ ಹೇಳ್ತೀನಿ. ಲೀಕುಗಳನ್ನ ಸಾಲಾಗಿ ಇಟ್ಟಿದ್ರು, ಕಪ್ಪು ಬಟ್ಟೆ ಮೇಲೆ. ನನ್ನ ಜಾಗ ಮಾತ್ರ ಖಾಲಿ. ಖಾಲಿ ಜಾಗಕ್ಕೆ ನನ್ನ ಹೆಸರಿನ ಚೀಟಿ. ಜನ ಅಲ್ಲಿಗೆ ಬಂದು ಸುಮ್ಮನೆ ನಿಲ್ತಿದ್ರು. ಗೆದ್ದ ಲೀಕಿನ ಮುಂದೂ ಅಷ್ಟು ಹೊತ್ತು ನಿಲ್ಲಲಿಲ್ಲ. ಹಿಂದೊಂದ್ಸಲ ನಂಗೆ ಎರಡನೇ ಬಹುಮಾನ ಬಂದಿತ್ತಲ್ಲ, ಆಗ ಚಪ್ಪಾಳೆ ಹೊಡೆದ್ರು, ಬೆನ್ನು ತಿರುಗಿಸಿದ್ರು, ನಾನು ಲೀಕನ್ನ ಚೀಲದಲ್ಲಿ ಹಾಕ್ಕೊಂಡು ಒಬ್ಬಳೇ ಬಸ್ಸು ಹತ್ತಿದೆ. ನಿನ್ನೆ? ನಿನ್ನೆ ಹೆಣಿಗೆ ಸಂಘದೋಳು ಕೈ ಹಿಡ್ಕೊಂಡು ಕೂರಿಸಿದಳು. ಕುರ್ಚಿ ಸಿಕ್ತು! ಹುಡುಕದೇನೇ ಸಿಕ್ತು! ಕೈ ಎಷ್ಟು ಬೆಚ್ಚಗಿತ್ತು ಗೊತ್ತಾ ಅವಳದ್ದು... ಯಾರದ್ದಾದ್ರೂ ಕೈ ಬೆಚ್ಚಗಿರುತ್ತೆ ಅನ್ನೋದೇ ನಂಗೆ...

ಎಲ್ಲಿಗೆ ಎದ್ದೆ? ವಿಲ್ಫ್! ಇರು, ಸೂಪು ಬಗ್ಗಿಸ್ತೀನಿ... ಹಿಂದಿನ ಬಾಗಿಲು ಬೇಡ, ಕೆಸರಿದೆ! ಬೂಟು ಹಾಳಾಗುತ್ತೆ, ಬಾ ಒಳಗೆ! ಏಯ್, ಕಿವಿ ಕೇಳ್ಸಲ್ವಾ ನಿಂಗೆ?

ಅಲ್ಲೇ ನಿಂತ್ಕೊಂಡು ನೋಡು ಬೇಕಿದ್ರೆ. ನೋಡಿದ್ಯಲ್ಲ? ಎಲ್ಲಾ ಕೊಚ್ಚಿ ಹೋಗಿದೆ. ಎಲೆ, ಕಾಂಡ, ಎಲ್ಲಾ. ಒಂದೂ ಬಿಟ್ಟಿಲ್ಲ ಪಾಪಿ... ನೆಲ ಒದ್ದೆ ಇದ್ರೆ ಮಳೆ ಕಣೋ! ಮಳೆ ಬರ್ಲಿಲ್ವಾ? ವಾರದಿಂದ ಒಣಗಿದ್ಯಾ? ಹಾಗಾದ್ರೆ... ಕೈ ತೊಳೆದ ನೀರು ಚೆಲ್ಲಿದ್ದೆ ಅಲ್ಲಿ. ಬಕೆಟ್ ಸುತ್ತ ಮಾತ್ರ ಯಾಕೆ ಒದ್ದೆ ಅಂದ್ರೆ ನಾನೇನು ಹೇಳ್ಲಿ? ಅದನ್ನ ಮುಟ್ಟಬೇಡ. ವಿಲ್ಫ್, ಎತ್ತಬೇಡ. ನಿನ್ನ ದಮ್ಮಯ್ಯ...

...

ಹೌದು, ಲೀಕೇ. ಜೀವಂತ ಲೀಕು.

ಅದು ಉಳಿದಿತ್ತು. ಹೇಗೋ ಉಳಿದಿತ್ತು. ಅವನಿಗೆ ಕಾಣಿಸಿರಲಿಕ್ಕಿಲ್ಲ, ಕತ್ತಲಲ್ಲಿ... ಯಾಕೆ ಹಾಗೆ ನೋಡ್ತೀಯ? ನಿಂಗೂ ಗೊತ್ತು, ನಂಗೂ ಗೊತ್ತು, ಅದು ದಾರಿ ಪಕ್ಕದಲ್ಲೇ ಇದೆ ಅಂತ. ಸಾಲಲ್ಲಿ ಮೊದಲನೇದು. ಎಲ್ಲಕ್ಕಿಂತ ದಪ್ಪ. ಕಡಿಯೋಕೆ ಬಂದೋನು ಮೊದಲು ಅದಕ್ಕೇ ಕೈ ಹಾಕ್ಬೇಕಿತ್ತು. ಲೆನ್ ಆಗಿದ್ರೆ... ಲೆನ್‌ಗೆ ಕಣ್ಣು ಕಟ್ಟಿ ಬಿಟ್ರೂ ಅದನ್ನೇ ಮೊದಲು ಮುಟ್ತಿದ್ದ.

ಬಕೆಟ್ ಮುಚ್ಚು. ಬಿಸಿಲು ತಾಗುತ್ತೆ... ಮೆಲ್ಲಗೆ, ಎಲೆ ಮಡಚಿಕೊಳ್ಳುತ್ತೆ. ಹಾಂ. ಹಾಗೆ. ಎಷ್ಟು ಹುಷಾರಾಗಿ ಇಡ್ತೀಯ ನೋಡು, ಮ್ಯಾಟಿ ಹಾಗೇ.

ಒಳಗೆ ಬಾ. ಬಾಗಿಲು ಹಾಕು.

ಬಯ್ಯಿ ನನ್ನ. 'ಥೆಲ್ಮಾ, ಬಾಯಿ ಮುಚ್ಚು' ಅನ್ನು, ಇಡೀ ಊರು ಅಂದಿದೆ. ಹೀಗೆ ಟೋಪಿ ತಿರುಗಿಸ್ತಾ ಕೂರಬೇಡ ಕಣೋ. ನಾನು ಕೌನ್ಸಿಲ್ಲಿನೋರ ಜೊತೆ ಜಗಳ ಆಡಬಲ್ಲೆ, ಪೊಲೀಸ್ ಕುದುರೆ ಎದುರಿಗೆ ನಿಂತೋಳು ನಾನು, ಈ ಟೋಪಿ ತಿರುಗಿಸೋದಕ್ಕೆ ಏನು ಉತ್ತರ ಕೊಡ್ಲಿ?

...ಅದು ಮ್ಯಾಟಿ ತಳಿ. ಅವನಪ್ಪನ ಪಾತಿಯಿಂದ ಬಂದಿದ್ದು, ಅವನ ಕೈಲಿ ಬೆಳ್ಳಗಾಗಿದ್ದು. ಮುಂದಿನ ವರ್ಷದ ಸಸಿಗೆ ಅಂತ ಪ್ರತಿ ಸಲ ಒಂದನ್ನ ಉಳಿಸ್ಕೊಳ್ತಿದ್ದ. ಉಳಿದಿದ್ದನ್ನೆಲ್ಲಾ ನಾನೇ ಕಡಿದೆ ವಿಲ್ಫ್. ಆ ತುದಿಯಿಂದ ಕಡೀತಾ ಕಡೀತಾ ಅದರ ಹತ್ರ ಬಂದೆ, ಕೈ ಏಳಲಿಲ್ಲ. ಕಣ್ಣುರಿ ಬೇರೆ. ಈರುಳ್ಳಿ ಜಾತಿ ತಾನೇ, ಅದಕ್ಕೇ ಕಣ್ಣೀರು ಬರ್ತಿದೆ ಅಂದ್ಕೊಂಡೆ. ಒಳಗೆ ಬಂದು ಮುಖ ತೊಳೆದ ಮೇಲೂ ಬರ್ತಾನೇ ಇತ್ತು.

ಯಾಕೆ ಅಂತ ಕೇಳಲ್ವಾ? ಕೇಳ್ಬೇಡ, ಹೇಳ್ತೀನಿ. ಸೋಮವಾರ ಬೆಳಿಗ್ಗೆ ಹಾಲಿನವನು ಬಂದ. 'ಗುಡ್ ಮಾರ್ನಿಂಗ್' ಅಂದ. ನಾನೂ ಅನ್ನೋಕೆ ಹೋದೆ, ಗಂಟಲಿಂದ ಶಬ್ದ ಬರಲಿಲ್ಲ. ಏನೋ ಕಾಯಿಲೆ ಅಂದ್ಕೊಂಡೆ. ಆಮೇಲೆ ಲೆಕ್ಕ ಹಾಕ್ದೆ... ಹಿಂದಿನ ದಿನ ಕ್ಲಬ್ಬಲ್ಲಿ ಲೆನ್ ಹಾಗಂದ, ಎಲ್ಲಾ ನಕ್ರು, ನಾನು ಒಂದು ಮಾತೂ ಆಡದೆ ಎದ್ದು ಬಂದೆ. ಅದಕ್ಕೆ ಮುಂಚಿನ ವಾರ ಪೂರ್ತಿ ಯಾರ ಹತ್ರಾನೂ ಮಾತಾಡಿರಲಿಲ್ಲ. ಕಾಯಿಲೆ ಅಲ್ಲ ಕಣೋ, ಗಂಟಲಿಗೆ ತುಕ್ಕು ಹಿಡಿದಿತ್ತು. ನನ್ನ ಗಂಟಲಿಗೆ! ಮೆಗಾಫೋನ್ ಬೇಡ ಅಂತಿದ್ರು ನಂಗೆ ಮುಷ್ಕರದಲ್ಲಿ, ನೆನಪಿದ್ಯಾ?

ಆ ರಾತ್ರೀನೇ ಕತ್ತಿ ತಗೊಂಡೆ. ಮಂಗಳವಾರ ಬೆಳಿಗ್ಗೆ ಓಣಿಗೆ ಹೋಗಿ ಕೂಗಿದೆ. ಆ ಕೂಗು ಮಾತ್ರ ನಾಟಕ ಅಲ್ಲ. ಒಂದೊಂದೇ ಬಾಗಿಲು ತೆರೀತು. ಚಪ್ಪಲಿ ಹಾಕ್ಕೊಂಡು ಓಡಿ ಬಂದ್ರು ಜನ, ತಲೆ ಬಾಚದೇನೇ. 'ಏನಾಯ್ತು ಥೆಲ್ಮಾ? ಏನಾಯ್ತು?'... ಏನಾಯ್ತು ಅಂತ ನನ್ನ ಯಾರೂ ಕೇಳಿ ಎಷ್ಟು ಕಾಲ ಆಗಿತ್ತು! ನಾನು ಪಾತಿ ಕಡೆ ಕೈ ತೋರಿಸ್ದೆ. ಇನ್ನೇನು ತೋರಿಸ್ಲಿ? ಒಂಟಿತನಕ್ಕೆ ಕೈ ತೋರಿಸೋಕಾಗುತ್ತಾ? ಅದನ್ನ ನೋಡೋಕೆ ಬೌಲ್ಸ್ ಸಂಘದೋರು ಟೋಪಿ ತೆಗೆದು ಬರ್ತಾರಾ?

ಆಮೇಲೆ ಯಾರೋ ಕೇಳಿದ್ರು, ಯಾರನ್ನಾದ್ರೂ ನೋಡಿದ್ಯಾ ಅಂತ. ಕೆಮ್ಮು ಅಂದ್ಬಿಟ್ಟೆ. ಇಲ್ಲಿ ಕೆಮ್ಮದ ಗಂಡಸು ಯಾರಿದಾನೆ, ಎಲ್ಲರದ್ದೂ ಗಣಿ ಧೂಳು ತಿಂದ ಎದೆ, ಯಾರ ತಲೆಗೂ ಕಟ್ಟೋಕಾಗಲ್ಲ ಅಂದ್ಕೊಂಡೆ. ಇಲ್ಲ... ಅದೂ ಸುಳ್ಳು. ಲೆನ್ ತಲೆಗೆ ಹೋಗುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಅವನು ನಗಿಸಿದ್ನಲ್ಲ. ನೀವೆಲ್ಲಾ ನಕ್ಕಿರಲ್ಲ.

ನೀನೂ ಕೆಮ್ತಿದೀಯ ನೋಡು. ನೀರು ಕೊಡ್ಲಾ?

ಮಾಲೀಕರು ಬಡವರನ್ನ ಒಬ್ಬರ ಮೇಲೊಬ್ಬರನ್ನ ಎತ್ತಿ ಕಟ್ತಾರೆ ಅಂತ ನಾನು ಪೆಟ್ಟಿಗೆ ಮೇಲೆ ನಿಂತು ಕೂಗ್ತಿದ್ದೆ. ಈಗ ಯಾವ ಮಾಲೀಕ ಬಂದಿದ್ದ ಇಲ್ಲಿಗೆ? ನಾನೇ ತಾನೇ? ಒಬ್ಬ ಒಂಟಿ ಮುದುಕನ ಕುರ್ಚಿ ಕಿತ್ಕೊಂಡು ನಾನು ಕೂತೆ. ಥೂ.

ಎಷ್ಟು ಗಂಟೆಗೆ ಕಮಿಟಿ?... ಆರಕ್ಕಾ? ಕುರ್ಚಿ ಹಾಕಿರ್ತಾರಾ ನಂಗೆ? ಮುಂದಿನ ಸಾಲಲ್ಲಾ? ಹೌದೇನು, ದಿಂಬು ಬೇರೆ ಇಟ್ಟಿದಾರಾ!... ಬೇಡ. ನಿಂತೇ ಹೇಳ್ತೀನಿ. ನಾನೇ ಹೇಳ್ತೀನಿ, ನೀನಲ್ಲ. ನೀನು ಬಾಯಿ ಬಿಡಬೇಡ. ಲೆನ್ ಎದುರಿಗಿರ್ಬೇಕು, ಅವನನ್ನ ಕರೆಸು. ಆ ಗೆರೆ ಇದ್ದ ಜಾಗದಲ್ಲೇ ನಿಲ್ತೀನಿ. ನನ್ನ ಹೆಸರನ್ನ ಅವರು ಹೊಡೆದು ಹಾಕ್ಲಿ. ಸ್ವಂತ ಲೀಕ್ ಕಡಿದೋರಿಗೆ ಏನು ಶಿಕ್ಷೆ ಅಂತ ನಿಯಮದಲ್ಲಿ ಇಲ್ಲ, ಅಲ್ವಾ? ಯಾರಿಗೂ ಅಂಥದ್ದು ತೋಚಿರಲಿಲ್ಲ. ಅದರಲ್ಲೂ ನಾನೇ ಮೊದಲನೇ ಹೆಂಗಸು!

ನಗಲ್ವಾ? ಸರಿ.

ಸೂಪು ಆರೋಯ್ತು. ಬಿಡು, ಬಂದ ಮೇಲೆ ಬಿಸಿ ಮಾಡ್ಕೋತೀನಿ. ಒಬ್ಬಳಿಗೆ ಎಷ್ಟು ಬೇಕು. ಈ ಕೇಕು, ಪೈ ಎಲ್ಲಾ ಯಾರ್ಯಾರದ್ದು ಅಂತ ನಂಗೆ ನೆನಪಿದೆ, ನಾಳೆ ವಾಪಸ್ ಕೊಟ್ಟು ಬರ್ತೀನಿ. ಬಾಗಿಲು ತೆರೆದೋರಿಗೆ ಕೈಗೆ ಕೊಡ್ತೀನಿ, ತೆರೀದೋರ ಮೆಟ್ಟಿಲ ಮೇಲೆ ಇಡ್ತೀನಿ... ಆ ಕೋಟು ಕೊಡು. ನೀಲಿದು. ಗುಂಡಿ ನಾನೇ ಹಾಕ್ಕೋತೀನಿ.

ಬಾ, ಬಸ್ಸು ಬರೋ ಹೊತ್ತಾಯ್ತು. ನಾನು ತಂದ ಬಸ್ಸು. ಎಂದಿನ ಸೀಟಲ್ಲಿ ಕೂರ್ತೀನಿ, ಕಿಟಕಿ ಪಕ್ಕ. ನೀನು ಪಕ್ಕದಲ್ಲಿ ಕೂರ್ತೀಯೋ, ಕಂಬಿ ಹಿಡ್ಕೊಂಡು ನಿಲ್ತೀಯೋ... ಇಲ್ಲ, ಈಗಲೇ ಹೇಳಬೇಡ. ಅಲ್ಲೀವರೆಗಾದ್ರೂ ನಂಗೆ ಗೊತ್ತಿಲ್ಲದೇ ಇರ್ಲಿ.